ಪ್ಯಾರಾಶೂಟ್ ಬಿಚ್ಚದೆ ನೆಲ ಮುಟ್ಟಬಹುದಾ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ವಿಂಗ್‌ಸೂಟ್ ಅನ್ನುವ ರೆಕ್ಕೆಯ ಉಡುಪು ತೊಟ್ಟು ಬೆಟ್ಟದಿಂದ ಹಾರುವವರ ವಿಡಿಯೋಗಳನ್ನು ನೋಡಿ ನೋಡಿ ಒಂದು ಸಂಶಯ ಬಂದಿದೆ. ಹಕ್ಕಿ ಹಾಗೆ ಅಷ್ಟು ಚೆನ್ನಾಗಿ ಹಾರುವವರು ಕೊನೆಗೆ ಪ್ಯಾರಾಶೂಟ್ ಯಾಕೆ ಬಿಚ್ಚುತ್ತಾರೆ? ಹಾಗೇ ಇಳಿಯಲು ಆಗುವುದಿಲ್ಲವಾ? ನೀರಿನ ಮೇಲೆ, ಹುಲ್ಲಿನ ಬಣವೆ ಮೇಲೆ ಇಳಿದರೆ? ಯಾರಾದರೂ ಇಳಿದಿದ್ದಾರಾ? ನನಗೂ ಕಲಿಯುವ ಆಸೆ ಇದೆ, ಎಲ್ಲಿಂದ ಶುರು ಮಾಡಬೇಕು?

ಉತ್ತರ: ಇಳಿದಿದ್ದಾರೆ. 2012ರ ಮೇ 23ರಂದು ಇಂಗ್ಲೆಂಡಿನ ಹೆನ್ಲಿ-ಆನ್-ಥೇಮ್ಸ್ ಹತ್ತಿರ ಗ್ಯಾರಿ ಕಾನರಿ ಎಂಬ ಸ್ಟಂಟ್ ಕಲಾವಿದರು ಹೆಲಿಕಾಪ್ಟರಿನಿಂದ ಜಿಗಿದು, ವಿಂಗ್‌ಸೂಟಿನಲ್ಲಿ ತೇಲಿಕೊಂಡು ಬಂದು, ಪ್ಯಾರಾಶೂಟ್ ಬಿಚ್ಚದೆ ಇಳಿದರು. ಆಗ ಅವರಿಗೆ 42 ವರ್ಷ. ಜಿಗಿದದ್ದು 2,400 ಅಡಿಯಿಂದ, ಅಂದರೆ ಸುಮಾರು 730 ಮೀಟರ್ ಎತ್ತರದಿಂದ. ಇಳಿದದ್ದು ಮಾತ್ರ ಬರಿ ನೆಲದ ಮೇಲಲ್ಲ. ಹೊಲದಲ್ಲಿ 18,600 ರಟ್ಟಿನ ಬಾಕ್ಸುಗಳನ್ನು ಜೋಡಿಸಿ ನೂರು ಮೀಟರಿಗಿಂತ ಉದ್ದದ ಹಾಸಿಗೆ ಮಾಡಿದ್ದರು. ಎತ್ತರ ಸುಮಾರು 12 ಅಡಿ. ಅದರೊಳಗೆ ನುಗ್ಗಿ ಹೂತುಹೋದ ಕಾನರಿ ಸ್ವಲ್ಪ ಹೊತ್ತಿನ ಮೇಲೆ ಬಾಕ್ಸುಗಳನ್ನು ಸರಿಸಿಕೊಂಡು ಎದ್ದು ನಡೆದುಬಂದರು.

ಆ ಬಾಕ್ಸುಗಳ ಲೆಕ್ಕದಲ್ಲೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದೆ. ಹಾರಿದವರು ಒಬ್ಬರು. ಅವರನ್ನು ನಿಲ್ಲಿಸಲು ಬೇಕಾದದ್ದು ಹದಿನೆಂಟು ಸಾವಿರ ಬಾಕ್ಸು. ಯಾಕೆ ಅಷ್ಟು ಬೇಕಾಯಿತು ಅನ್ನುವುದನ್ನು ಹೇಳುತ್ತೇನೆ.

ನಾನು ವಾಯುಪಡೆಯಲ್ಲಿದ್ದಾಗ ಆಗ್ರಾದಲ್ಲಿ ಹುಡುಗರಿಗೆ ಪ್ಯಾರಾಶೂಟ್ ಕಟ್ಟಿಕೊಂಡು ಜಿಗಿಯುವುದನ್ನು ಕಲಿಸುತ್ತಿದ್ದೆ. ಶುರುವಿನಲ್ಲಿ ಯಾರನ್ನೂ ವಿಮಾನ ಹತ್ತಿಸುವುದಿಲ್ಲ. ಕಟ್ಟೆ ಮೇಲೆ ನಿಲ್ಲಿಸಿ ಕೆಳಗಿನ ಮರಳಿಗೆ ಜಿಗಿಸುವುದೇ ಕೆಲಸ. ಎರಡೂ ಪಾದ ಜೋಡಿಸಬೇಕು. ಮಂಡಿ ಸ್ವಲ್ಪ ಮಡಿಸಬೇಕು. ಗದ್ದ ಎದೆಗೆ ಒತ್ತಿರಬೇಕು. ಪಾದ ತಾಗಿದ ತಕ್ಷಣ ಮೀನಖಂಡ, ತೊಡೆ, ಸೊಂಟದ ಪಕ್ಕ, ಬೆನ್ನಿನ ಪಕ್ಕ, ಹೀಗೆ ಒಂದಾದ ಮೇಲೊಂದು ನೆಲಕ್ಕೆ ಕೊಡುತ್ತಾ ಉರುಳಬೇಕು. ಸಾಯಂಕಾಲ ಬ್ಯಾರಕ್ಕಿಗೆ ಹೋದಾಗ ಹುಡುಗರ ಕಾಲರಿನಿಂದ, ಕಿವಿಯಿಂದ ಮರಳು ಉದುರುತ್ತಿತ್ತು. "ಸರ್, ಜಿಗಿಯೋದು ಯಾವಾಗ?" ಅಂತ ಕೇಳುತ್ತಿದ್ದರು. ಜಿಗಿಯುವುದನ್ನು ಕಲಿಸುವುದು ಒಂದು ಬೆಳಗಿನ ಕೆಲಸ, ಮುಟ್ಟುವುದನ್ನು ಕಲಿಸಲು ವಾರಗಟ್ಟಲೆ ಬೇಕು ಅಂತ ಹೇಳುತ್ತಿದ್ದೆ.

ಸೈನಿಕರ ದುಂಡು ಪ್ಯಾರಾಶೂಟ್ ಅವರನ್ನು ಸೆಕೆಂಡಿಗೆ ಐದಾರು ಮೀಟರ್ ವೇಗದಲ್ಲಿ ಇಳಿಸುತ್ತದೆ. ಆಳೆತ್ತರದ ಗೋಡೆಯಿಂದ ಕೆಳಗೆ ಹಾರಿದಷ್ಟು ಪೆಟ್ಟು. ಸರಿಯಾಗಿ ಉರುಳಿದರೆ ಏನೂ ಆಗುವುದಿಲ್ಲ. ನಾನೇ ಒಂದು ಸಲ ಗಾಳಿ ಇದ್ದ ದಿನ ನೆಲ ನೋಡುವ ಆತುರದಲ್ಲಿ ಎಡಗಾಲು ಮುಂದೆ ಚಾಚಿಬಿಟ್ಟೆ. ಕಣಕಾಲು ಊದಿ ಮೂರು ವಾರ ಬೂಟ್ ಹಾಕಲು ಆಗಲಿಲ್ಲ. ಅಷ್ಟು ನಿಧಾನದ ವೇಗದಲ್ಲಿ, ಅಷ್ಟು ಸಣ್ಣ ತಪ್ಪಿಗೆ.

ಈಗ ವಿಂಗ್‌ಸೂಟಿಗೆ ಬರೋಣ. ಇವತ್ತು ನಾವು ನೋಡುವ ಸೂಟಿನ ಮೂಲರೂಪವನ್ನು 1990ರ ದಶಕದಲ್ಲಿ ಫ್ರಾನ್ಸಿನ ಪ್ಯಾಟ್ರಿಕ್ ದ ಗೇಯಾರ್ಡನ್ ಮಾಡಿದರು. 1999ರಲ್ಲಿ ಫಿನ್ಲೆಂಡಿನ ಯಾರಿ ಕುವೋಸ್ಮಾ ಮತ್ತು ಕ್ರೊಯೇಷಿಯಾದ ರಾಬರ್ಟ್ ಪೆಚ್ನಿಕ್ ಸೇರಿ ಅದನ್ನು ಮಾರಾಟಕ್ಕೆ ತಂದರು. ತೋಳಿಗೂ ಪಕ್ಕೆಗೂ ನಡುವೆ, ಎರಡು ಕಾಲುಗಳ ನಡುವೆ ಬಟ್ಟೆಯ ಚೀಲದಂಥ ರೆಕ್ಕೆ. ಮುಂದಿನ ಬಾಯಿಯಿಂದ ಗಾಳಿ ತುಂಬಿಕೊಂಡು ಅದು ಬಿಗಿಯಾಗುತ್ತದೆ. ಸುಮ್ನೆ ಬೀಳುವವನು ಗಂಟೆಗೆ 190ರಿಂದ 200 ಕಿಲೋಮೀಟರ್ ವೇಗದಲ್ಲಿ ನೆಲದ ಕಡೆ ಬರುತ್ತಾನೆ. ಒಳ್ಳೆಯ ಸೂಟಿನಲ್ಲಿ ಕೆಳಕ್ಕೆ ಬೀಳುವ ವೇಗ ಅದರ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಆದರೆ ಆ ವೇಗ ಎಲ್ಲೂ ಮಾಯವಾಗಿಲ್ಲ. ಮುಂದಕ್ಕೆ ತಿರುಗಿದೆ, ಅಷ್ಟೇ. ಒಂದು ಮೀಟರ್ ಇಳಿಯುವಷ್ಟರಲ್ಲಿ ಎರಡೂವರೆ ಮೀಟರ್ ಮುಂದೆ ಹೋಗುತ್ತಾನೆ. ವಿಡಿಯೋದಲ್ಲಿ ತೇಲುತ್ತಿರುವ ಹಾಗೆ ಕಾಣುವ ಆ ಮನುಷ್ಯ ಹೆದ್ದಾರಿಯ ಕಾರಿಗಿಂತ ಜೋರಾಗಿ ಹೋಗುತ್ತಿರುತ್ತಾನೆ.

ನೀವು ಹಕ್ಕಿ ಹಾಗೆ ಅಂದಿರಿ. ನಮ್ಮ ಮನೆ ಎದುರಿನ ತೆಂಗಿನ ಮರಕ್ಕೆ ಒಂದು ಹದ್ದು ದಿನಾ ಬರುತ್ತದೆ. ಅದು ಇಳಿಯುವುದನ್ನು ನಾನು ಎಷ್ಟು ಸಲ ನೋಡಿದರೂ ಸಾಕಾಗುವುದಿಲ್ಲ. ನೇರವಾಗಿ ತೆಂಗಿನ ಗರಿಯ ಮಟ್ಟಕ್ಕೆ ಬರುವುದಿಲ್ಲ. ಮೊದಲು ಗರಿಗಿಂತ ಕೆಳಗೆ ಇಳಿಯುತ್ತದೆ. ಮರದ ಹತ್ತಿರ ಬಂದಾಗ ಎದೆ ಮೇಲೆತ್ತಿ, ಬಾಲ ಬೀಸಣಿಗೆ ಹಾಗೆ ಬಿಡಿಸಿ, ಮೇಲಕ್ಕೆ ಏರುತ್ತದೆ. ಏರುತ್ತಾ ಏರುತ್ತಾ ಇದ್ದ ವೇಗವೆಲ್ಲ ಎತ್ತರಕ್ಕೆ ಖರ್ಚಾಗಿ, ಸರಿಯಾಗಿ ಗರಿಯ ಮೇಲೆ ಬಂದಾಗ ಅದು ಗಾಳಿಯಲ್ಲಿ ನಿಂತೇ ಬಿಟ್ಟಿರುತ್ತದೆ. ಎರಡು ಸಲ ರೆಕ್ಕೆ ಬಡಿದು, ಕಾಲು ಮುಂದೆ ಚಾಚಿ, ಗರಿ ಹಿಡಿದುಕೊಳ್ಳುತ್ತದೆ. ಗರಿ ಒಂಚೂರು ತೂಗುತ್ತದೆ, ಅಷ್ಟೇ.

ಮನುಷ್ಯ ಇದನ್ನು ಮಾಡಲು ಯಾಕೆ ಆಗುವುದಿಲ್ಲ? ತೂಕಕ್ಕೂ ರೆಕ್ಕೆಗೂ ಇರುವ ಲೆಕ್ಕ ನೋಡಿ. ಹದ್ದಿಗೆ ಒಂದು ಚದರ ಮೀಟರ್ ರೆಕ್ಕೆ ಹೊರಬೇಕಾದ ತೂಕ ಮೂರು ಕೆಜಿ ಆಸುಪಾಸು. ಸೂಟು, ಪ್ಯಾರಾಶೂಟ್, ಹೆಲ್ಮೆಟ್ ಸೇರಿ ಮನುಷ್ಯ 90 ಕೆಜಿ ಅಂತ ಇಟ್ಟುಕೊಳ್ಳಿ, ರೆಕ್ಕೆ ಎರಡು ಚದರ ಮೀಟರಿಗಿಂತ ಸ್ವಲ್ಪ ಕಡಿಮೆ ಅನ್ನಿ. ಒಂದು ಚದರ ಮೀಟರಿಗೆ ಐವತ್ತು ಕೆಜಿ ಬಂತು! ಯಾವ ರೆಕ್ಕೆಗೇ ಆಗಲಿ, ಒಂದು ವೇಗಕ್ಕಿಂತ ಕೆಳಗೆ ಹೋದರೆ ಗಾಳಿ ಅದನ್ನು ಎತ್ತುವುದನ್ನು ನಿಲ್ಲಿಸಿಬಿಡುತ್ತದೆ. ಅದನ್ನೇ ಸ್ಟಾಲ್ ಅನ್ನುತ್ತೇವೆ. ನೀವು ಎಂಜಿನಿಯರಿಂಗ್ ಓದುತ್ತಿದ್ದೀರಿ, ಲಿಫ್ಟ್, ಅಂದರೆ ಗಾಳಿ ರೆಕ್ಕೆಯನ್ನು ಎತ್ತುವ ಬಲ, ಅದರ ಸೂತ್ರದಲ್ಲಿ ಈ ಅಂಕಿ ಹಾಕಿ ನೀವೇ ನೋಡಿ. ರೆಕ್ಕೆ ಎಷ್ಟು ಚೆನ್ನಾಗಿ ಎತ್ತುತ್ತದೆ ಅಂತ ಹೇಳುವ ಲಿಫ್ಟ್ ಕೋಎಫಿಷಿಯೆಂಟನ್ನು 1.2 ಅಂತ ಧಾರಾಳವಾಗಿ ಕೊಟ್ಟರೂ ಸ್ಟಾಲ್ ವೇಗ ಗಂಟೆಗೆ 90 ಕಿಲೋಮೀಟರಿನ ಮೇಲೆಯೇ ಬರುತ್ತದೆ. ಅದಕ್ಕಿಂತ ನಿಧಾನಕ್ಕೆ ಹೋದರೆ ಮೇಲಿರುವುದು ರೆಕ್ಕೆ ಅಲ್ಲ, ಬರೀ ಬಟ್ಟೆ.

ಫ್ಲೇರ್ ಅನ್ನುವ ಒಂದು ಕೌಶಲ ಇದೆ. ಮೊದಲು ಮೂಗು ಕೆಳಗೆ ಮಾಡಿ ವೇಗ ಕೂಡಿಸಿಕೊಳ್ಳುವುದು, ಆಮೇಲೆ ಎದೆ ಎತ್ತಿ ಆ ವೇಗವನ್ನು ಖರ್ಚು ಮಾಡುವುದು. ಹದ್ದು ಮಾಡುವುದೂ ಅದನ್ನೇ. ಪಳಗಿದವರು ಹೀಗೆ ಒಂದೆರಡು ಸೆಕೆಂಡು ಕೆಳಕ್ಕೆ ಇಳಿಯುವುದನ್ನೇ ನಿಲ್ಲಿಸಬಲ್ಲರು, ಸ್ವಲ್ಪ ಮೇಲಕ್ಕೂ ಏರಬಲ್ಲರು. ಆದರೆ ಆ ಕ್ಷಣದಲ್ಲೂ ಮುಂದಿನ ವೇಗ ಇದ್ದೇ ಇರುತ್ತದೆ. ಅದನ್ನೂ ಪೂರ್ತಿ ಕಳೆಯಲು ಹೋದರೆ ಸ್ಟಾಲ್ ಆಗಿ, ಏರಿದ ಎತ್ತರದಿಂದ ಮೂಟೆ ಹಾಗೆ ಬೀಳುತ್ತಾರೆ. ಹದ್ದಿಗೆ ಆ ಕೊನೆಯ ಒಂದು ಅಡಿಯಲ್ಲಿ ಬಡಿಯಲು ರೆಕ್ಕೆ ಇದೆ, ಹಿಡಿಯಲು ಉಗುರಿದೆ.

ಮನುಷ್ಯನಿಗೆ ಕಾಲೂ ಇಲ್ಲ. ಇದು ತುಂಬಾ ಜನರ ಗಮನಕ್ಕೆ ಬರುವುದಿಲ್ಲ. ಗೆಳೆಯರೊಬ್ಬರ ಸೂಟನ್ನು ನಾನೊಮ್ಮೆ ನೆಲದ ಮೇಲೆ ನಿಂತೇ ತೊಟ್ಟು ನೋಡಿದ್ದೆ. ಮಣಿಕಟ್ಟಿನಿಂದ ಸೊಂಟದವರೆಗೆ ಝಿಪ್ ಎಳೆದಾಗ ಕೈ ಭುಜದ ಮೇಲೆ ಏಳಲಿಲ್ಲ. ಕಾಲಿನ ಝಿಪ್ ಹಾಕಿದ ಮೇಲೆ ಗೇಣು ಗೇಣು ಹೆಜ್ಜೆ ಹಾಕಿಕೊಂಡು ನಡೆಯಬೇಕಾಯಿತು. ಮಲಗಿ ನೋಡಿದೆ. ಮಂಡಿ ಮುಂದೆ ತರಲು ಬಟ್ಟೆ ಬಿಡುವುದಿಲ್ಲ. ಓಡುವ ಹಾಗಿಲ್ಲ, ಉರುಳುವ ಹಾಗಿಲ್ಲ, ಮುಖದ ಮುಂದೆ ಕೈ ಅಡ್ಡ ಹಿಡಿಯುವ ಹಾಗೂ ಇಲ್ಲ. ಮೂವತ್ತು ವರ್ಷ ನಾನು ಕಲಿಸಿದ್ದೆಲ್ಲ ಅಲ್ಲಿ ಒಂದು ಕ್ಷಣದಲ್ಲಿ ಕೆಲಸಕ್ಕೆ ಬಾರದೆ ಹೋಯಿತು. ಈ ಸೂಟಿನಲ್ಲಿ ನೆಲಕ್ಕೆ ಮೊದಲು ತಾಗುವುದು ಗದ್ದ ಮತ್ತು ಎದೆ.

ಕಾನರಿಯವರ ಕೆಲಸದ ದೊಡ್ಡತನ ನನಗೆ ಅರ್ಥವಾಗಿದ್ದು ಆವತ್ತು. ಅವರು ಕೆಳಕ್ಕೆ ಇಳಿಯುವ ವೇಗವನ್ನು ಫ್ಲೇರ್‌ನಿಂದ ಕಡಿಮೆ ಮಾಡಿದರು, ಅದು ಅವರ ಕೈಯಲ್ಲಿತ್ತು. ಮುಂದಿನ ವೇಗವನ್ನು ಬಾಕ್ಸುಗಳಿಗೆ ಬಿಟ್ಟರು. ಬಾಕ್ಸೇ ಯಾಕೆ? ಸ್ಟಂಟ್ ಮಾಡುವವರು ಮಹಡಿಯಿಂದ ಬೀಳುವ ದೃಶ್ಯಕ್ಕೆ ಎಷ್ಟೋ ಕಾಲದಿಂದ ಖಾಲಿ ರಟ್ಟಿನ ಬಾಕ್ಸ್ ಬಳಸುತ್ತಾರೆ. ಸ್ಪ್ರಿಂಗ್ ಹಾಸಿಗೆ ಬಿದ್ದವನನ್ನು ವಾಪಸ್ ಎಸೆಯುತ್ತದೆ. ಬಾಕ್ಸ್ ಎಸೆಯುವುದಿಲ್ಲ. ರಟ್ಟು ಮಡಿಯುತ್ತದೆ, ಒಳಗಿನ ಗಾಳಿ ಸಂದಿಯಿಂದ ಹೊರಗೆ ಹೋಗುತ್ತದೆ, ಬಾಕ್ಸ್ ಚಪ್ಪಟೆಯಾಗುತ್ತದೆ. ಒಂದು ಬಾಕ್ಸ್ ಸ್ವಲ್ಪ ವೇಗ ತಿನ್ನುತ್ತದೆ, ಮುಂದಿನದು ಇನ್ನೂ ಸ್ವಲ್ಪ.

ಇದರ ಲೆಕ್ಕ ಸುಲಭ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬಂದವನು ಅರ್ಧ ಮೀಟರಿನಲ್ಲಿ ನಿಂತರೆ ಅವನ ಮೈ ಮೇಲೆ ಅವನ ತೂಕದ ಸುಮಾರು 50 ಪಟ್ಟು ಬಲ ಬೀಳುತ್ತದೆ. ಕುತ್ತಿಗೆ ಮುಂದೆ ಮಾಡಿಕೊಂಡು ಅದನ್ನು ತಡೆಯುವುದು ಆಗದ ಮಾತು. ಅದೇ ಮನುಷ್ಯ 20 ಮೀಟರ್ ದೂರದಲ್ಲಿ ನಿಧಾನವಾಗಿ ನಿಂತರೆ ಬೀಳುವ ಬಲ ತೂಕದ ಸುಮಾರು ಒಂದೂಕಾಲು ಪಟ್ಟು. ಬಸ್ ಡ್ರೈವರ್ ಗಟ್ಟಿಯಾಗಿ ಬ್ರೇಕ್ ಒತ್ತಿದ್ದಕ್ಕಿಂತ ಜಾಸ್ತಿ, ಅಷ್ಟೇ. ಜೀವ ಇರುವುದು ಆ ಅರ್ಧ ಮೀಟರಿಗೂ ಇಪ್ಪತ್ತು ಮೀಟರಿಗೂ ನಡುವೆ.

ಗುರಿಯ ವಿಷಯ ಇನ್ನೂ ಕಷ್ಟ. 730 ಮೀಟರ್ ಎತ್ತರದಿಂದ ಒಂದಕ್ಕೆ ಎರಡೂವರೆ ಲೆಕ್ಕದಲ್ಲಿ ತೇಲಿದರೆ ಸುಮಾರು 1.8 ಕಿಲೋಮೀಟರ್ ದೂರ ಹೋಗುತ್ತಾರೆ. ಎದುರು ಗಾಳಿ ಸ್ವಲ್ಪ ಎದ್ದು ಎರಡೂವರೆ ಇದ್ದದ್ದು 2.3 ಆಯಿತು ಅಂದುಕೊಳ್ಳಿ. ಇಳಿಯುವ ಜಾಗ ಸುಮಾರು 145 ಮೀಟರ್ ಹಿಂದಕ್ಕೆ ಸರಿಯಿತು. ಬಾಕ್ಸ್ ಹಾಸಿಗೆಯ ಪೂರ್ತಿ ಉದ್ದಕ್ಕಿಂತ ಜಾಸ್ತಿ! ವಿಮಾನದ ಪೈಲಟ್ ಲೆಕ್ಕ ತಪ್ಪಿದರೆ ಎಂಜಿನ್ ಜೋರು ಮಾಡಿ ಮತ್ತೊಂದು ಸುತ್ತು ಬರುತ್ತಾನೆ. ಇಲ್ಲಿ ಎಂಜಿನ್ ಇಲ್ಲ. ಒಂದು ಎತ್ತರದಿಂದ ಕೆಳಗೆ ಬಂದ ಮೇಲೆ ಪ್ಯಾರಾಶೂಟ್ ಬೆನ್ನ ಮೇಲಿದ್ದರೂ ಅರಳಲು ಜಾಗ ಇರುವುದಿಲ್ಲ. ಅಲ್ಲಿಂದ ಮುಂದಿನ ಕೆಲವು ಸೆಕೆಂಡು ಮೈಯಲ್ಲೇ ತಿದ್ದುತ್ತಾ ಬರಬೇಕು. ಭುಜ ಒಂಚೂರು ಇಳಿಸುವುದು, ಮಂಡಿ ಒಂಚೂರು ಬಿಗಿಮಾಡುವುದು, ಅಷ್ಟರಿಂದಲೇ.

ಈಗ ನಿಮ್ಮ ನೀರು ಮತ್ತು ಬಣವೆ. ನೀರು ಖಂಡಿತ ಬೇಡ. ಬಾವಿಗೆ ಹೊಟ್ಟೆ ಮೇಲಾಗಿ ಬಿದ್ದವರಿಗೆ ಗೊತ್ತು, ಹತ್ತು ಅಡಿಯಿಂದ ಬಿದ್ದರೇ ಚರ್ಮ ಕೆಂಪಾಗುತ್ತದೆ. ವೇಗ ಜಾಸ್ತಿಯಾದಷ್ಟೂ ನೀರಿಗೆ ಪಕ್ಕಕ್ಕೆ ಸರಿಯಲು ಸಮಯ ಸಿಗುವುದಿಲ್ಲ. ಒಂದು ವೇಳೆ ಬದುಕಿ ಉಳಿದರೂ, ಚೀಲದಂಥ ಆ ರೆಕ್ಕೆಗಳೊಳಗೆ ನೀರು ತುಂಬುತ್ತದೆ, ಕೈಕಾಲು ಝಿಪ್ಪಿನಲ್ಲಿ ಸಿಕ್ಕಿರುತ್ತವೆ. ಈಜು ಬಂದರೂ ಪ್ರಯೋಜನವಿಲ್ಲ. ಹುಲ್ಲಿನ ಬಣವೆ ನೀರಿಗಿಂತ ಒಳ್ಳೆಯ ಯೋಚನೆ, ಆದರೆ ಮೇಲಿಂದ ಬೀಳುವವನಿಗೆ ಮಾತ್ರ. ಪಕ್ಕದಿಂದ ಬರುವವನಿಗೆ ಬಣವೆಯ ಉದ್ದ ಸಾಲದು. ಚೆನ್ನಾಗಿ ಒಟ್ಟಿದ ಬಣವೆ ಎಷ್ಟು ಗಟ್ಟಿ ಇರುತ್ತದೆ ಅಂತ ಅದರಿಂದ ಹುಲ್ಲು ಹಿರಿದವರನ್ನು ಕೇಳಿ.

ಮೆತ್ತಗಿನ ಹಾಸಿಗೆಯೇ ಇಲ್ಲದೆ ಇಳಿಯುವ ದಾರಿ ಇಲ್ಲವಾ? ಕಾಗದದ ಮೇಲೆ ಇದೆ, ಅದು ಚೆಂದದ ಯೋಚನೆ ಕೂಡ. ಹಿಮದಲ್ಲಿ ಸ್ಕೀ ಜಂಪ್ ಮಾಡುವವರನ್ನು ನೋಡಿದ್ದೀರಲ್ವಾ? ಗಂಟೆಗೆ 90 ಕಿಲೋಮೀಟರಿಗೂ ಮೀರಿ ಹಾರಿ ಬಂದು ಕಾಲ ಮೇಲೆ ಇಳಿದು ಆರಾಮಾಗಿ ಜಾರಿಕೊಂಡು ಹೋಗುತ್ತಾರೆ. ಅವರು ಬೀಳುವ ಕೋನಕ್ಕೆ ಹತ್ತಿರದ ಕೋನದಲ್ಲಿ ನೆಲವೂ ಇಳಿಜಾರಾಗಿರುತ್ತದೆ, ಹಾಗಾಗಿ ನೆಲಕ್ಕೆ ಗುದ್ದುವ ವೇಗ ಸ್ವಲ್ಪವೇ. ಬೈಕ್ ರೇಸಿನಲ್ಲಿ ಬಿದ್ದವರು ಎಷ್ಟೋ ಮೀಟರ್ ಜಾರಿ ಆಮೇಲೆ ಎದ್ದು ನಿಲ್ಲುವುದಕ್ಕೂ ಅದೇ ಕಾರಣ. ಬಿದ್ದದ್ದು ಮೊಣಕಾಲೆತ್ತರದಿಂದ, ಮುಂದೆ ಗುದ್ದಲು ಏನೂ ಇಲ್ಲ. ಅಮೆರಿಕದ ಜೆಬ್ ಕಾರ್ಲಿಸ್ ಇದೇ ದಾರಿಯಲ್ಲಿ ಯೋಚಿಸಿ, ಇಳಿಜಾರಾದ ಒಂದು ಓಡುದಾರಿಯನ್ನೇ ಕಟ್ಟಿಸಿ ಅದರ ಮೇಲೆ ಜಾರಿ ನಿಲ್ಲುವ ಯೋಜನೆ ಹಾಕಿದ್ದರು. ಅದು ಕೈಗೂಡಲಿಲ್ಲ. ಅದೇ ಕಾರ್ಲಿಸ್ 2012ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದ ಟೇಬಲ್ ಮೌಂಟನ್ ಮೇಲೆ ತುಂಬಾ ಕೆಳಗೆ ಹಾರಿ ಬಂಡೆಗೆ ಕಾಲು ತಗಲಿಸಿಕೊಂಡರು. ಕಾಲಿನ ಮೂಳೆಗಳು ಮುರಿದವು. ಗಾಳಿಯಲ್ಲಿ ಉರುಳುತ್ತಲೇ ಪ್ಯಾರಾಶೂಟ್ ಬಿಚ್ಚಿದ್ದರಿಂದ ಜೀವ ಉಳಿಯಿತು. ಅದು ಬೆನ್ನ ಮೇಲೆ ಇಲ್ಲದಿದ್ದರೆ ಅವರ ಕಥೆ ಅಲ್ಲೇ ಮುಗಿಯುತ್ತಿತ್ತು.

ಇಳಿಜಾರಿನ ತತ್ವದ ಅತ್ಯಂತ ಸುಂದರ ರೂಪ ನನ್ನ ಲೆಕ್ಕದಲ್ಲಿ 2017ರದ್ದು. ಫ್ರಾನ್ಸಿನ ಫ್ರೆಡ್ ಫ್ಯುಜೆನ್ ಮತ್ತು ವಿನ್ಸ್ ರೆಫೆ ಸ್ವಿಟ್ಜರ್ಲೆಂಡಿನ ಯುಂಗ್‌ಫ್ರಾವ್ ಶಿಖರದಿಂದ ವಿಂಗ್‌ಸೂಟಿನಲ್ಲಿ ಜಿಗಿದು, ಹಾರುತ್ತಿದ್ದ ಸಣ್ಣ ವಿಮಾನದ ಬಾಗಿಲಿನೊಳಗೆ ನುಗ್ಗಿದರು. ಅವರ ವೇಗ, ವಿಮಾನದ ವೇಗ, ಇಳಿಯುವ ಕೋನ ಎಲ್ಲ ಹೊಂದಿಕೊಂಡಿತ್ತು. ಓಡುವ ಬಸ್ಸಿನ ಜೊತೆಗೇ ಓಡಿ ಹತ್ತುವುದು ಇದ್ದ ಹಾಗೆ. ನೆಲ ನಮ್ಮ ಜೊತೆ ಓಡುವುದಿಲ್ಲ, ತೊಂದರೆ ಇರುವುದೇ ಅಲ್ಲಿ.

ಅಮೆರಿಕದ ಜಿಗಿತಗಾರ ಲೂಕ್ ಐಕಿನ್ಸ್ ಬಗ್ಗೆಯೂ ಹೇಳಬೇಕು, ಯಾಕೆಂದರೆ ಜನ ಕಾನರಿಯವರ ಜಿಗಿತವನ್ನೂ ಅವರದನ್ನೂ ಬೆರೆಸುತ್ತಾರೆ. 2016ರ ಜುಲೈ 30ರಂದು ಅವರು ಕ್ಯಾಲಿಫೋರ್ನಿಯಾದ ಸಿಮಿ ವ್ಯಾಲಿಯಲ್ಲಿ 25,000 ಅಡಿಯಿಂದ ಜಿಗಿದರು. ವಿಂಗ್‌ಸೂಟೂ ಇಲ್ಲ, ಪ್ಯಾರಾಶೂಟೂ ಇಲ್ಲ. ಎರಡು ನಿಮಿಷ ಬಿದ್ದು, ಕೊನೆಯ ಕ್ಷಣದಲ್ಲಿ ಬೆನ್ನಿಗೆ ಹೊರಳಿ, ಸುಮಾರು 30 ಮೀಟರ್ ಉದ್ದ, ಅಷ್ಟೇ ಅಗಲದ ಬಲೆಗೆ ಬಿದ್ದರು. ಜಿಗಿದ ಎತ್ತರದಿಂದ ಆ ಬಲೆ ಎಷ್ಟು ಕಾಣುತ್ತದೆ ಗೊತ್ತಾ? ಚಾಚಿದ ಕೈಯಲ್ಲಿ ಹಿಡಿದ ಒಂದು ಸಾಸಿವೆ ಕಾಳಿನಷ್ಟು. ಅವರಿಗೆ ಆಗಲೇ 18,000 ಜಿಗಿತಗಳ ಅನುಭವ ಇತ್ತು. ಒಂದು ವಿಷಯದಲ್ಲಿ ಅವರ ಕೆಲಸ ಕಾನರಿಯವರದಕ್ಕಿಂತ ಸರಳ. ನೇರ ಕೆಳಕ್ಕೆ ಬೀಳುವವನಿಗೆ ವೇಗ ಒಂದೇ ದಿಕ್ಕಿನಲ್ಲಿ, ಬಲೆಯೂ ಅದೇ ದಿಕ್ಕಿನಲ್ಲಿ ಹಿಗ್ಗಿ ಕೊಡುತ್ತದೆ. ಬೆನ್ನ ಮೇಲೆ ಬೀಳಬಹುದು. ವಿಂಗ್‌ಸೂಟಿನವನು ತಲೆ ಮುಂದಾಗಿಯೇ ಹೋಗಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ವಿಷಯ ಹೇಳದೆ ಬಿಡಲಾರೆ. 2012ರ ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ರಾಣಿ ಎಲಿಜಬೆತ್ ವೇಷದಲ್ಲಿ ಹೆಲಿಕಾಪ್ಟರಿನಿಂದ ಜಿಗಿದದ್ದು ಇದೇ ಕಾನರಿ. ಜೊತೆಗೆ ಜೇಮ್ಸ್ ಬಾಂಡ್ ವೇಷದಲ್ಲಿ ಜಿಗಿದದ್ದು ಮಾರ್ಕ್ ಸಟನ್. ಮರುವರ್ಷ ಆಗಸ್ಟಿನಲ್ಲಿ ಸಟನ್ ಸ್ವಿಟ್ಜರ್ಲೆಂಡಿನ ಬೆಟ್ಟಗಳಲ್ಲಿ ವಿಂಗ್‌ಸೂಟ್ ಹಾರಾಟದಲ್ಲಿ ಬಂಡೆಗೆ ಅಪ್ಪಳಿಸಿ ತೀರಿಕೊಂಡರು. ಪ್ಯಾಟ್ರಿಕ್ ದ ಗೇಯಾರ್ಡನ್ 1998ರಲ್ಲಿ ಹವಾಯಿಯಲ್ಲಿ ಜಿಗಿಯುವಾಗ ತೀರಿಕೊಂಡರು. ಯಾರೂ ಹೊಸಬರಲ್ಲ, ಅಜಾಗರೂಕರೂ ಅಲ್ಲ. ಈ ಹೆಸರುಗಳನ್ನು ಬರೆಯುವಾಗ ನನ್ನ ಕೈ ನಿಧಾನವಾಗುತ್ತದೆ. ನೀವು ನೋಡುವ ವಿಡಿಯೋಗಳಲ್ಲಿ ಸರಿಯಾಗಿ ಮುಗಿದವು ಮಾತ್ರ ಜಾಸ್ತಿ ಓಡಾಡುತ್ತವೆ.

ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ಕಲಿಯುವ ಆಸೆ ಇದ್ದರೆ ನಾನು ತಡೆಯುವುದಿಲ್ಲ, ನನಗೂ ನಿಮ್ಮ ವಯಸ್ಸಿನಲ್ಲಿ ಅದೇ ಆಸೆ ಇತ್ತು. ಆದರೆ ವಿಂಗ್‌ಸೂಟ್ ಮೊದಲ ಮೆಟ್ಟಿಲಲ್ಲ. ಅಮೆರಿಕದ ಪ್ಯಾರಾಶೂಟ್ ಸಂಘದ ನಿಯಮದಂತೆ ಮಾಮೂಲು ಸ್ಕೈಡೈವಿಂಗಿನಲ್ಲಿ ಕನಿಷ್ಠ 200 ಜಿಗಿತ ಆಗದೆ ಮೊದಲ ವಿಂಗ್‌ಸೂಟ್ ಜಿಗಿತಕ್ಕೆ ಬಿಡುವುದಿಲ್ಲ. ಬೆಟ್ಟದಿಂದ ಜಿಗಿಯುವುದು ಅದಕ್ಕೂ ಆಮೇಲಿನ ಮಾತು. ತರಬೇತುದಾರರನ್ನು ಕಟ್ಟಿಕೊಂಡು ಜಿಗಿಯುವ ಟ್ಯಾಂಡಮ್ ಜಿಗಿತ ಮೊದಲು ಒಂದು ಮಾಡಿ. ಕೆಳಗೆ ಬಂದ ಮೇಲೂ ಆಸೆ ಹಾಗೇ ಇದ್ದರೆ ಒಬ್ಬರೇ ಜಿಗಿಯಲು ಕಲಿಸುವ ಕೋರ್ಸಿಗೆ ಸೇರಿ. ಸೇರುವ ಮುಂಚೆ ಅಲ್ಲಿ ಒಂದು ದಿನ ಸುಮ್ನೆ ಕೂತು ನೋಡಿ. ಪ್ಯಾರಾಶೂಟ್ ಮಡಿಸುವ ಜಾಗ ಎಲ್ಲಿದೆ, ಯಾರು ಮಡಿಸುತ್ತಾರೆ, ಮಡಿಸಿದ್ದನ್ನು ಇನ್ನೊಬ್ಬರು ಪರೀಕ್ಷಿಸುತ್ತಾರಾ, ಗಾಳಿ ಜಾಸ್ತಿ ಆದಾಗ ಆ ದಿನದ ಹಾರಾಟ ನಿಲ್ಲಿಸುತ್ತಾರಾ ಅಂತ ಗಮನಿಸಿ. ಸಾಲಾಗಿ ಗಿರಾಕಿಗಳು ಕಾಯುತ್ತಿದ್ದರೂ ಗಾಳಿ ನೋಡಿ "ಇವತ್ತು ಬೇಡ" ಅನ್ನುವ ತರಬೇತುದಾರರು ಸಿಕ್ಕಿದರೆ ಅವರ ಹತ್ತಿರವೇ ಕಲಿಯಿರಿ.

ಅಲ್ಲಿಯವರೆಗೆ ದುಡ್ಡಿಲ್ಲದೆ ಮಾಡುವ ಅಭ್ಯಾಸ ಒಂದಿದೆ. ನಿಮ್ಮ ಕಾಲೇಜಿನ ಮೈದಾನದಲ್ಲಿ ಲಾಂಗ್ ಜಂಪ್ ಮರಳು ಗುಂಡಿ ಇದ್ದೇ ಇರುತ್ತದೆ. ಒಂದು ಗಟ್ಟಿಯಾದ ಸ್ಟೂಲಿನ ಮೇಲೆ ನಿಂತು, ಪಾದ ಜೋಡಿಸಿ, ಗದ್ದ ಎದೆಗೆ ಒತ್ತಿ, ಕಣ್ಣನ್ನು ನೆಲದ ಮೇಲೆ ಇಡದೆ ಎದುರಿಗೆ ಇಟ್ಟು ಜಿಗಿಯಿರಿ. ಮೀನಖಂಡ, ತೊಡೆ, ಸೊಂಟ, ಬೆನ್ನು. ಎಡಕ್ಕೆ ಇಪ್ಪತ್ತು ಸಲ, ಬಲಕ್ಕೆ ಇಪ್ಪತ್ತು ಸಲ. ಮರುದಿನ ಮೈಯಲ್ಲಿ ಎಲ್ಲಿ ನೋಯುತ್ತದೆ ಅಂತ ನೋಡಿ ನನಗೆ ಬರೆಯಿರಿ. ಮೊಣಕೈ ನೋಯುತ್ತಿದ್ದರೆ ನೀವು ಕೈ ಊರುತ್ತಿದ್ದೀರಿ, ಮೊದಲು ಅದನ್ನು ಬಿಡಿಸೋಣ.